ಝೀರೋ ಟಿಲ್ ಸೀಡ್ ಡ್ರಿಲ್‌ನ ಕ್ಲೋಸಿಂಗ್ ವೀಲ್ ಬದಲಿಸುವಾಗ: ಯಾವ ಮಣ್ಣಿಗೆ ಯಾವ ಗಾಲಿ

ಉತ್ತು ಹರಗಿದ ಹೊಲದಲ್ಲಿ ಬೀಜ ಮುಚ್ಚುವುದು ಕಷ್ಟದ ಕೆಲಸವಲ್ಲ. ಕೂರಿಗೆ ಹೋದ ಮೇಲೆ ಹಿಂದೆ ಒಂದು ಕುಂಟೆ ಎಳೆದರೆ ಸಡಿಲ ಮಣ್ಣು ತಾನೇ ಸಾಲಿಗೆ ಕುಸಿಯುತ್ತದೆ. ಝೀರೋ ಟಿಲ್ ಎಂದರೆ ಉಳದೆಯೇ ಬಿತ್ತುವುದು; ಅಂಥ ಹೊಲದಲ್ಲಿ ಆ ಸಡಿಲ ಮಣ್ಣೇ ಇರುವುದಿಲ್ಲ. ಬಿತ್ತುವ ಯಂತ್ರದ (ಡ್ರಿಲ್) ತಟ್ಟೆಯಂಥ ಡಿಸ್ಕ್ ನೆಲವನ್ನು ಚಾಕುವಿನಂತೆ ಸೀಳುತ್ತದೆ, ಬೀಜ ಆ ಸೀಳಿನ ತಳಕ್ಕೆ ಬೀಳುತ್ತದೆ, ಎರಡೂ ಕಡೆಯ ಗೋಡೆಗಳು ಹಾಗೇ ನಿಂತಿರುತ್ತವೆ. ಆ ಗೋಡೆಯನ್ನು ಒಡೆದು ಬೀಜದ ಮೇಲೆ ಕೂರಿಸುವ ಹೊಣೆ ಕೊನೆಯಲ್ಲಿ ಬರುವ ಒಂದು ಚಿಕ್ಕ ಗಾಲಿಯದು. ಅದೇ ಕ್ಲೋಸಿಂಗ್ ವೀಲ್, ಸಾಲು ಮುಚ್ಚುವ ಗಾಲಿ.

ಇಲ್ಲಿ ಹೇಳುವುದು ಅಮೆರಿಕದ ಕ್ಯಾನ್ಸಸ್, ನೆಬ್ರಾಸ್ಕ, ಡಕೋಟಾ ಬಯಲುಗಳಲ್ಲಿ ಗೋಧಿ, ಸೋಯಾ ಬಿತ್ತುವ ಡಿಸ್ಕ್ ಡ್ರಿಲ್‌ಗಳ ವಿಷಯ. ಜಾನ್ ಡಿಯರ್ 750, 1560, 1590 ಮಾದರಿಯ ಒಂಟಿ ಡಿಸ್ಕ್ ಯಂತ್ರಗಳನ್ನೂ ಗ್ರೇಟ್ ಪ್ಲೇನ್ಸ್‌ನಂಥ ಜೋಡಿ ಡಿಸ್ಕ್ ಯಂತ್ರಗಳನ್ನೂ ಗಮನದಲ್ಲಿಟ್ಟುಕೊಂಡಿದೆ. ನಮ್ಮ ಕಡೆಯ, ಡಿಸ್ಕಿನ ಬದಲು ಟೈನ್ (ನೆಲ ಸೀಳುವ ಕಬ್ಬಿಣದ ಕಾಲು) ಇರುವ ಝೀರೋ ಟಿಲ್ ಡ್ರಿಲ್‌ಗಳ ಲೆಕ್ಕ ಬೇರೆ, ಅದನ್ನು ಮುಂದೆ ಪ್ರತ್ಯೇಕವಾಗಿ ಹೇಳಿದೆ. ಆದರೆ ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವವರಿಗೆ ಈ ಗಾಲಿಯ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ ಮೇಲೆ ಮಳೆ ಬರುವ ಭರವಸೆ ಇಲ್ಲದಾಗ, ನೆಲದೊಳಗೆ ಉಳಿದಿರುವ ಹಸಿಯಲ್ಲೇ ಬೀಜ ಮೊಳೆಯಬೇಕು. ಸಾಲು ಬಾಯಿ ತೆರೆದಿದ್ದರೆ ಆ ಹಸಿ ನಾಲ್ಕು ದಿನದಲ್ಲಿ ಆರುತ್ತದೆ.

ಮೊದಲ ಪ್ರಶ್ನೆ: ನಿಮ್ಮ ಗಾಲಿ ಆಳವನ್ನೂ ಹಿಡಿಯುತ್ತದೆಯೇ?

ಬೆಲೆ, ಹಲ್ಲಿನ ಆಕಾರ, ಕಂಪನಿ ಇವನ್ನೆಲ್ಲ ನೋಡುವ ಮುಂಚೆ ಇದೊಂದು ಗೊತ್ತಾಗಬೇಕು. ಗಾಲಿ ಬದಲಿಸಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಜಾನ್ ಡಿಯರ್ ಮಾದರಿಯ ಒಂಟಿ ಡಿಸ್ಕ್ ಓಪನರ್‌ನಲ್ಲಿ, ಅಂದರೆ ಸಾಲು ತೆರೆದು ಬೀಜ ಬಿಡುವ ಜೋಡಣೆಯಲ್ಲಿ, ನಾಲ್ಕು ಕೆಲಸಕ್ಕೆ ನಾಲ್ಕು ಭಾಗಗಳಿವೆ. 18 ಇಂಚಿನ ಡಿಸ್ಕ್ ಸಾಗುವ ದಿಕ್ಕಿಗೆ 7 ಡಿಗ್ರಿ ಓರೆಯಾಗಿ ನಿಂತು ನೆಲವನ್ನು ಸೀಳುತ್ತದೆ. ಅದಕ್ಕೆ ಅಂಟಿಕೊಂಡೇ ಉರುಳುವ ಗೇಜ್ ವೀಲ್ ಆಳ ಹಿಡಿಯುತ್ತದೆ. ಬೀಜ ಬಿದ್ದ ಮೇಲೆ ಕಿರಿದಾದ ರಬ್ಬರ್ ಗಾಲಿಯೊಂದು ಸೀಳಿನೊಳಗೇ ಇಳಿದು ಬೀಜವನ್ನು ತಳಕ್ಕೆ ಒತ್ತುತ್ತದೆ. ಕೊನೆಗೆ ಬರುವುದು ಮುಚ್ಚುವ ಗಾಲಿ. ಇದು ಬದಿಯಿಂದ ಓರೆಯಾಗಿ ಬಂದು ಸೀಳಿನ ಅಂಚನ್ನು ಕೆಡವುತ್ತದೆ. ಇಂಥ ಯಂತ್ರದಲ್ಲಿ ಮುಚ್ಚುವ ಗಾಲಿಗೆ ಮುಚ್ಚುವುದೊಂದೇ ಕೆಲಸ. ಅದನ್ನು ಬದಲಿಸಿದರೆ ಬಿತ್ತನೆಯ ಆಳ ಕೆಡುವುದಿಲ್ಲ.

ಜೋಡಿ ಡಿಸ್ಕಿನ ಅನೇಕ ಯಂತ್ರಗಳಲ್ಲಿ ಹೀಗಿಲ್ಲ. ಅಲ್ಲಿ ಪ್ರತ್ಯೇಕ ಗೇಜ್ ವೀಲ್ ಇರುವುದಿಲ್ಲ. ಹಿಂದಿನ ಪ್ರೆಸ್ ವೀಲ್ (ಸಾಲನ್ನು ಒತ್ತಿ ಮುಚ್ಚುವ ಗಾಲಿ) ಮೇಲೆಯೇ ಓಪನರ್‌ನ ಭಾರ ಕೂರುತ್ತದೆ, ಅದರ ಎತ್ತರವೇ ಬೀಜದ ಆಳ. ಆಳ ಹೊಂದಿಸುವ ಹಿಡಿಕೆ ಹಿಂದಿನ ಗಾಲಿಗೇ ಸೇರಿದ್ದರೆ ನಿಮ್ಮದು ಈ ಜಾತಿಯ ಯಂತ್ರ. ಇದರಲ್ಲಿ ಗಾಲಿಯ ವ್ಯಾಸ 2 ಸೆಂ.ಮೀ. ಕಡಿಮೆಯಾದರೆ ಗಾಲಿಯ ಅಚ್ಚು 1 ಸೆಂ.ಮೀ. ಕೆಳಗಿಳಿಯುತ್ತದೆ, ಅದರ ಬಹುಪಾಲು ನೇರವಾಗಿ ಬೀಜದ ಆಳಕ್ಕೆ ಸೇರುತ್ತದೆ. ಅಗಲ ಕಡಿಮೆಯಾದರೂ ಅಷ್ಟೇ: 3 ಇಂಚಿನ ಗಾಲಿ ಇದ್ದ ಜಾಗಕ್ಕೆ 1 ಇಂಚಿನದನ್ನು ಹಾಕಿದರೆ ಮೆತ್ತನೆಯ ನೆಲದಲ್ಲಿ ಅದು ಹೂತುಹೋಗುತ್ತದೆ, ಬೀಜವೂ ಅದರ ಜೊತೆಗೆ ಕೆಳಗಿಳಿಯುತ್ತದೆ. ಬರಿಯ ಹಲ್ಲಿನ ಗಾಲಿಗಳನ್ನೇ ಹಾಕಿದರಂತೂ ಒಂದೇ ಹೊಲದಲ್ಲಿ ಗಟ್ಟಿ ಜಾಗದಲ್ಲಿ ಒಂದು ಆಳ, ಮೆದು ಜಾಗದಲ್ಲಿ ಇನ್ನೊಂದು ಆಳ ಆಗುತ್ತದೆ. ಹಾಗಾಗಿ ಆಳ ಹಿಡಿಯುವ ಜಾಗಕ್ಕೆ ಹಲ್ಲಿನ ಗಾಲಿ ಬೇಕೆಂದಾದರೆ ಹಲ್ಲಿನ ಪಕ್ಕದಲ್ಲಿ ಪೂರ್ತಿ ಬಳೆ ಇರುವಂಥದ್ದನ್ನೇ ಆರಿಸಿ. ಇಲ್ಲವೇ ಜೋಡಿ ಗಾಲಿಯಲ್ಲಿ ಒಂದನ್ನು ಮಾತ್ರ ಹಲ್ಲಿನದಾಗಿ ಮಾಡಿ, ಇನ್ನೊಂದು ನುಣುಪು ರಬ್ಬರ್ ಗಾಲಿಯೇ ಇರಲಿ, ಆಳ ಅದರ ಮೇಲೆ ನಿಲ್ಲುತ್ತದೆ.

ಗಾಲಿಯದೇ ತಪ್ಪೇ? ಅಗೆದು ನೋಡಿ

ಸಾಲು ಮುಚ್ಚಿಲ್ಲ ಎಂದು ಕಂಡ ಕೂಡಲೇ ಹೊಸ ಗಾಲಿ ತರಿಸಬೇಡಿ. ಒಂದು ಚಪ್ಪಟೆ ಸಲಿಕೆ ತೆಗೆದುಕೊಂಡು ಸಾಲಿಗೆ ಅಡ್ಡಲಾಗಿ 15 ಸೆಂ.ಮೀ. ಆಳದ ಮಣ್ಣಿನ ಇಟ್ಟಿಗೆಯೊಂದನ್ನು ಎತ್ತಿ. ಅಂಗೈ ಮೇಲೆ ಇಟ್ಟು ಎರಡು ಕಡೆಗೆ ಮೆಲ್ಲಗೆ ಎಳೆಯಿರಿ. ಮಣ್ಣು ಎಲ್ಲೆಂದರಲ್ಲಿ ಪುಡಿಯಾಗಿ ಒಡೆದರೆ ಸಾಲು ಚೆನ್ನಾಗಿ ಮುಚ್ಚಿದೆ. ಪುಸ್ತಕ ತೆರೆದಂತೆ ಸೀಳಿನ ಗೆರೆಯಲ್ಲೇ ಬಿಚ್ಚಿಕೊಂಡು, ಒಳಗಿನ ಎರಡು ಮೈಗಳೂ ಕರಣೆ ತೀಡಿದಂತೆ ನುಣ್ಣಗೆ ಹೊಳೆಯುತ್ತಿದ್ದರೆ ಗೋಡೆ ಒಡೆದಿಲ್ಲ, ಮೇಲಿನ ತುಟಿ ಮಾತ್ರ ಅಂಟಿಕೊಂಡಿದೆ. ಇಂಥ ಸಾಲು ಬಿತ್ತಿದ ದಿನ ಸರಿಯಾಗಿಯೇ ಕಾಣುತ್ತದೆ. ವಾರ ಕಳೆದು ಬಿಸಿಲು ಬಿದ್ದಾಗ ಜೇಡಿ ಕುಗ್ಗಿ, ಅದೇ ಗೆರೆಯಲ್ಲಿ ಬಿರುಕು ಬಿಟ್ಟು ಬೇರು ಗಾಳಿಗೆ ತೆರೆದುಕೊಳ್ಳುತ್ತದೆ. ಬಿತ್ತಿದ ದಿನ ಒಮ್ಮೆ, 8–10 ದಿನದ ನಂತರ ಮತ್ತೊಮ್ಮೆ ಅಗೆಯಬೇಕು ಎನ್ನುವುದು ಇದಕ್ಕೇ. ಎರಡನೆಯ ಸಲ ಸಸಿಯ ಬೇರನ್ನೂ ನೋಡಿ. ಅದು ಸುತ್ತಲೂ ಹರಡದೆ ಬೀಸಣಿಗೆಯಂತೆ ಸಾಲಿನ ಉದ್ದಕ್ಕೇ ಚಪ್ಪಟೆಯಾಗಿ ಓಡಿದ್ದರೆ ಗೋಡೆ ಗಟ್ಟಿಯಾಗಿದೆ ಎಂದೇ ಅರ್ಥ.

ಅಗೆದಾಗ ಬೀಜದ ಜೊತೆ ಮಡಚಿದ ಹುಲ್ಲು ಸಿಕ್ಕಿದರೆ ಅದು ಬೇರೆಯೇ ರೋಗ. ಡಿಸ್ಕ್ ಹುಲ್ಲನ್ನು ಕತ್ತರಿಸದೆ ಸೀಳಿನೊಳಕ್ಕೆ ತುರುಕಿದೆ. ಜಗತ್ತಿನ ಯಾವ ಮುಚ್ಚುವ ಗಾಲಿಯೂ ಇದನ್ನು ಸರಿಮಾಡಲಾರದು. ಡಿಸ್ಕ್ ಸವೆದಿದೆಯೇ ನೋಡಿ, ಭಾರ ಸಾಲದೇ ಇದೆಯೇ ನೋಡಿ. ಎರಡೂ ಸರಿಯಿದ್ದರೆ ಬಿತ್ತನೆಯ ಹೊತ್ತು ಬದಲಿಸಿ. ಇಬ್ಬನಿಗೆ ನೆನೆದ ಹುಲ್ಲು ಹಗ್ಗದಂತೆ ಬಾಗುತ್ತದೆ, ಬಿಸಿಲೇರಿ ಒಣಗಿದ ಮೇಲೆ ಮುರಿಯುತ್ತದೆ.

ಗಾಲಿಗೆ ಕೈ ಹಾಕುವ ಮುಂಚೆ ಓಪನರ್ ಒಂದೊಂದರಲ್ಲೂ ಇವಿಷ್ಟನ್ನು ನೋಡಿ.

- ಡಿಸ್ಕಿನ ವ್ಯಾಸ ಅಳೆಯಿರಿ. ಜಾನ್ ಡಿಯರ್ ಮಾದರಿಯಲ್ಲಿ ಹೊಸದು 18 ಇಂಚು. ಒಂದು ಇಂಚಿನಷ್ಟು ಸವೆದಿದ್ದರೆ, ಅಂಚು ಮೊಂಡಾಗಿದ್ದರೆ ಗಾಲಿಯ ದುಡ್ಡನ್ನು ಮೊದಲು ಡಿಸ್ಕಿಗೆ ಹಾಕಿ.
- ಗೇಜ್ ವೀಲ್ ಡಿಸ್ಕನ್ನು ಹಗುರಾಗಿ ತಾಕುತ್ತಿರಬೇಕು. ಎತ್ತಿದಾಗ ಕೈಯಿಂದ ತಿರುಗಿಸಿದರೆ ಸ್ವಲ್ಪ ಬಿಗಿ ತೋರಿ ತಿರುಗಬೇಕು. ಸಂದು ಬಿಟ್ಟಿದ್ದರೆ ಸೀಳಿನ ಅಂಚಿನ ಮಣ್ಣು ಹೆಂಟೆಯಾಗಿ ಎದ್ದು ಆಚೆ ಬೀಳುತ್ತದೆ, ಮುಚ್ಚಲು ಮಣ್ಣೇ ಉಳಿಯುವುದಿಲ್ಲ.
- ಬೀಜದ ಬೂಟಿನ (ಬೀಜವನ್ನು ಸೀಳಿಗೆ ಇಳಿಸುವ ಭಾಗ) ತುದಿ ಸವೆದು ಗುಂಡಗಾಗಿದೆಯೇ? ಹಾಗಾಗಿದ್ದರೆ ಬೀಜ ತಳಕ್ಕೆ ಹೋಗದೆ ಗೋಡೆಗೇ ಸಿಕ್ಕಿಕೊಳ್ಳುತ್ತದೆ.
- ಬೀಜ ಒತ್ತುವ ಕಿರುಗಾಲಿಯ ರಬ್ಬರ್ ಬಿರಿದಿದೆಯೇ, ಸ್ಪ್ರಿಂಗ್ ಮುರಿದಿದೆಯೇ, ಗಾಲಿ ಸೀಳಿನ ನಡುವೆಯೇ ಓಡುತ್ತಿದೆಯೇ?
- ಮುಚ್ಚುವ ಗಾಲಿಯ ತೋಳನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಬುಷ್ ಸವೆದು ತೋಳು ಲಟಲಟ ಎನ್ನುತ್ತಿದ್ದರೆ ಎಂಥ ಗಾಲಿ ಹಾಕಿದರೂ ಅದು ಸಾಲು ಬಿಟ್ಟು ಪಕ್ಕದಲ್ಲೇ ಓಡುತ್ತದೆ.

ಕೊನೆಯದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಹಳೆಯ ಡ್ರಿಲ್ ಕೊಂಡವರು ಹೊಳೆಯುವ ಹೊಸ ಗಾಲಿಗಳನ್ನು ಸವೆದ ಬುಷ್‌ಗಳ ಮೇಲೆ ಕೂರಿಸುತ್ತಾರೆ, ಆಮೇಲೆ ಗಾಲಿ ಸರಿಯಿಲ್ಲ ಎನ್ನುತ್ತಾರೆ. ಬುಷ್, ಪಿನ್ನು ಅಗ್ಗದ ಸಾಮಾನು. ಅದನ್ನು ಮೊದಲು ಮಾಡಿ.

ಗಾಲಿಯ ಬಗೆಗಳು ಮತ್ತು ಅವಕ್ಕೆ ಒಗ್ಗುವ ನೆಲ

ಯಂತ್ರದ ಜೊತೆ ಸಾಮಾನ್ಯವಾಗಿ ಬರುವುದು ನುಣುಪಾದ ಎರಕದ ಕಬ್ಬಿಣದ ಗಾಲಿ, ಇಲ್ಲವೇ ರಬ್ಬರ್ ಹೊದಿಸಿದ ಗಾಲಿ. ಇವುಗಳ ರೀತಿ ಒಂದೇ: ಭಾರ ಹಾಕಿ ಅಮುಕಿ ಸೀಳನ್ನು ಹಿಂಡಿ ಮುಚ್ಚುವುದು. ಮರಳು ಮಿಶ್ರಿತ ಮಣ್ಣು, ಪುಡಿ ಗೋಡು, ಸಾವಯವ ಅಂಶ ಚೆನ್ನಾಗಿರುವ ಮೆದು ಮಣ್ಣು ಇದ್ದಲ್ಲಿ, ಹದ ಸರಿಯಾಗಿದ್ದಾಗ ಅಥವಾ ತುಸು ಒಣಗಿದ್ದಾಗ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಒಣ ಮಣ್ಣಿನಲ್ಲಿ ಬೀಜದ ಸುತ್ತ ಗಾಳಿ ಉಳಿಯದಂತೆ ಒತ್ತುವುದೇ ಮುಖ್ಯ, ಅದನ್ನು ಇವು ಮಾಡುತ್ತವೆ. ಹಸಿ ಜೇಡಿಯಲ್ಲಿ ಮಾತ್ರ ಇವು ಕೈಕೊಡುತ್ತವೆ. ನುಣುಪು ಗೋಡೆಯನ್ನು ಇನ್ನೂ ಒತ್ತಿ ಇನ್ನೂ ಗಟ್ಟಿ ಮಾಡುತ್ತವೆ. ಮುಚ್ಚುತ್ತಿಲ್ಲ ಎಂದು ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಕೇಡು ಹೆಚ್ಚು. ಒಳಗೆ ಗಾಳಿ ತುಂಬಿ ಮೈ ಬಾಗುವಂಥ ರಬ್ಬರ್ ಗಾಲಿಗಳಿಗೆ ಕೆಸರು ಅಷ್ಟು ಮೆತ್ತುವುದಿಲ್ಲ, ಉರುಳುವಾಗ ರಬ್ಬರ್ ಬಾಗಿ ಕೆಸರನ್ನು ತಾನೇ ಉದುರಿಸುತ್ತದೆ. ಎರಕದ ಗಾಲಿಗೆ ಆ ಅನುಕೂಲ ಇಲ್ಲ, ಆದರೆ ಸವೆತಕ್ಕೆ ತಡೆಯುತ್ತದೆ. ಕಲ್ಲು ಹೆಚ್ಚಿರುವ ಹೊಲದಲ್ಲಿ ಎರಕ ಒಡೆಯಬಹುದು ಎನ್ನುವುದೂ ನೆನಪಿರಲಿ.

ಹಲ್ಲಿನ ಗಾಲಿ ಇದಕ್ಕೆ ವಿರುದ್ಧ. ಅಮುಕುವುದರ ಬದಲು ಅದು ಸೀಳಿನ ಗೋಡೆಯನ್ನು ಕೊಚ್ಚಿ ಪುಡಿ ಮಾಡಿ ಒಳಕ್ಕೆ ಬೀಳಿಸುತ್ತದೆ. ಜೇಡಿ ಅಂಶ ಹೆಚ್ಚಿರುವ, ತಡವಾಗಿ ಆರುವ, ವರ್ಷಗಟ್ಟಲೆ ಉಳದೆ ಗಟ್ಟಿಯಾಗಿ ಕೂತ ನೆಲಕ್ಕೆ ಇದೇ ಬೇಕು. ಮಳೆ ಬಿದ್ದು ಮೇಲ್ಮಣ್ಣು ಹಪ್ಪಳಗಟ್ಟುವ ಹೊಲದಲ್ಲೂ ಇದು ಸಾಲಿನ ಮೇಲೆ ನುಣುಪು ಪಟ್ಟಿ ಬಿಡದೆ ಉರುಟು ಮಣ್ಣನ್ನು ಬಿಡುವುದರಿಂದ ಮೊಳಕೆ ಸುಲಭವಾಗಿ ಮೇಲೇಳುತ್ತದೆ.

ಆದರೆ ಹಲ್ಲು ಎಂದರೆ ಎಲ್ಲವೂ ಒಂದೇ ಅಲ್ಲ. ಚೂಪಾದ ನೇರ ಹಲ್ಲು ಜೋರಾಗಿ ಕೊಚ್ಚುತ್ತದೆ, ಅಷ್ಟೇ ಜೋರಾಗಿ ಹುಲ್ಲನ್ನೂ ಸುತ್ತಿಕೊಳ್ಳುತ್ತದೆ. ಹಿಂದಕ್ಕೆ ಬಾಗಿದ ಹಲ್ಲು ನೆಲದಿಂದ ಹೊರಬರುವಾಗ ಹುಲ್ಲನ್ನು ಜಾರಿಸಿ ಬಿಡುತ್ತದೆ. ಮೊಂಡು ಬೆರಳಿನಂಥ ಹಲ್ಲುಗಳ ಗಾಲಿ ಕೊಚ್ಚುವುದಕ್ಕಿಂತ ಹೆಚ್ಚಾಗಿ ಚಿವುಟಿ ಕೂರಿಸುತ್ತದೆ. ಜಾನ್ ಡಿಯರ್ ಓಪನರ್‌ಗೆಂದೇ ಮಾಡಿದ ಎಕ್ಸಾಪ್ಟಾ ಕಂಪನಿಯ ಥಾಂಪ್ಸನ್ ಗಾಲಿ ಬರಿಯ ಭಾರವನ್ನು ನೆಚ್ಚದೆ ಮಣ್ಣನ್ನು ಒಡೆದು ಮುಚ್ಚುವ ಇಂಥ ಯೋಚನೆಯಿಂದಲೇ ಬಂದದ್ದು. ಹಲ್ಲಿನ ಬುಡದ ಬದಿಗೆ ಬಳೆ ಇರುವ ಗಾಲಿ ಬಳೆ ನೆಲ ಮುಟ್ಟಿದ ಮೇಲೆ ಇನ್ನಷ್ಟು ಇಳಿಯುವುದಿಲ್ಲ. ಮೊದಲ ಸಲ ಹಲ್ಲಿನ ಗಾಲಿಗೆ ಬದಲಾಗುತ್ತಿರುವವರಿಗೆ ನಮ್ಮ ಸಲಹೆ ಬಳೆ ಇರುವುದೇ. ಅದು ಪರಮಾವಧಿ ಕೆಲಸ ಕೊಡದಿರಬಹುದು, ಆದರೆ ದೊಡ್ಡ ತಪ್ಪಿಗೆ ಅವಕಾಶ ಕೊಡುವುದಿಲ್ಲ.

ಆ ದೊಡ್ಡ ತಪ್ಪು ಯಾವುದೆಂದರೆ ಹಲ್ಲು ಬೀಜದ ಆಳದವರೆಗೆ ಇಳಿಯುವುದು. ನಿಯಮ ಸರಳ: ಹಲ್ಲಿನ ತುದಿ ಬೀಜಕ್ಕಿಂತ ಕನಿಷ್ಠ 1 ಸೆಂ.ಮೀ. ಮೇಲೇ ಉಳಿಯಬೇಕು. ಗೋಧಿ 4 ಸೆಂ.ಮೀ. ಆಳದಲ್ಲಿದ್ದರೆ ಹಲ್ಲು 3 ಸೆಂ.ಮೀ. ದಾಟಬಾರದು. ಇದೇ ಗಾಲಿಯಿಂದ ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು), ಕುದುರೆಮಸಾಲೆ ಸೊಪ್ಪಿನಂಥ ಸಣ್ಣ ಬೀಜವನ್ನು 1–2 ಸೆಂ.ಮೀ. ಆಳದಲ್ಲಿ ಬಿತ್ತಿದರೆ ಬೀಜವನ್ನೇ ಕೆದಕಿ ಮೇಲೆ ಹಾಕುತ್ತದೆ. ಸಣ್ಣ ಬೀಜ ಹೆಚ್ಚಾಗಿ ಬಿತ್ತುವವರು ನುಣುಪು ಗಾಲಿಯ ಒಂದು ಜೊತೆಯನ್ನು ಮಾರದೆ ಇಟ್ಟುಕೊಳ್ಳಲಿ.

ಮರಳು ನೆಲದಲ್ಲಿ, ಗಾಳಿ ಹೊಡೆಯುವ ಒಣ ಹೊಲದಲ್ಲಿ ಬರಿಯ ಹಲ್ಲಿನ ಗಾಲಿ ಬೇಡ. ಮಣ್ಣನ್ನು ಅತಿ ಸಡಿಲಿಸಿ ಹಸಿಯನ್ನು ಹೊರಗೆ ಬಿಡುತ್ತದೆ. ಹೆಚ್ಚು ಮಣ್ಣು ಕೆದಕಿದಷ್ಟೂ ಕಳೆ ಬೀಜ ಎದ್ದೇಳುವುದೂ ಹೆಚ್ಚು. ಬಿತ್ತನೆಗೆ ಮುಂಚೆ ಮಣ್ಣಿಗೆ ಕಳೆನಾಶಕ ಹೊಡೆಯುವ ಪದ್ಧತಿ ಇದ್ದರೆ ಇನ್ನೊಂದು ಎಚ್ಚರ ಬೇಕು: ಔಷಧ ಬಿದ್ದ ಮೇಲ್ಮಣ್ಣನ್ನು ಗಾಲಿ ಸೀಳಿನೊಳಕ್ಕೆ, ಬೀಜದ ಮೇಲಕ್ಕೇ ತಳ್ಳುತ್ತದೆ. ಔಷಧದ ಲೇಬಲ್‌ನಲ್ಲಿ ಡಿಸ್ಕ್ ಡ್ರಿಲ್ ಬಗ್ಗೆ, ಬೀಜದ ಆಳದ ಬಗ್ಗೆ ಏನು ಹೇಳಿದೆ ಎಂದು ಓದಿಯೇ ಗಾಲಿ ಬದಲಿಸಿ.

ಪ್ಲಾಸ್ಟಿಕ್ ಜಾತಿಯ ಗಾಲಿಗಳೂ ಸಿಗುತ್ತವೆ. ಕೆಸರು ಮೆತ್ತುವುದಿಲ್ಲ, ತೂಕ ಕಡಿಮೆ. ತೂಕ ಕಡಿಮೆ ಎಂದರೆ ಆ ಭಾರವನ್ನು ಸ್ಪ್ರಿಂಗ್ ಕೊಡಬೇಕು. ನಿಮ್ಮ ಸ್ಪ್ರಿಂಗ್ ಈಗಾಗಲೇ ಬಿಗಿ ಹೊಂದಿಸುವ ಕೊನೆಯ ಕಚ್ಚಿನಲ್ಲಿದ್ದರೆ ಇವು ಆಗಿಬರುವುದಿಲ್ಲ.

ಹಸಿರು ಬೆಳೆಯ ಮೇಲೇ ಬಿತ್ತುವವರಿಗೆ ಒಂದು ಮಾತು. ವೆಚ್‌ನಂಥ ಬಳ್ಳಿ ಸೊಪ್ಪು ಹಲ್ಲಿನ ಗಾಲಿಗೆ ದಾರದ ಉಂಡೆಯಂತೆ ಸುತ್ತುತ್ತದೆ, ಎಷ್ಟು ಬಾಗಿದ ಹಲ್ಲಾದರೂ ಸರಿಯೇ. ರೈ ಹುಲ್ಲು ನೆಟ್ಟಗೆ ನಿಂತಿರುವುದರಿಂದ ಅಷ್ಟು ಕಾಡುವುದಿಲ್ಲ. ಜೋಡಿ ಗಾಲಿಯ ನಡುವೆ ಕಸ ಕಟ್ಟುತ್ತಿದ್ದರೆ ತೋಳಿನಲ್ಲಿ ಹಿಂದುಮುಂದಿನ ಎರಡು ತೂತುಗಳಿವೆಯೇ ನೋಡಿ. ಒಂದು ಗಾಲಿಯನ್ನು ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿದರೆ ಸಂದು ತೆರೆದು ಕಸ ಹೊರಟುಹೋಗುತ್ತದೆ.

ಟೈನ್ ಡ್ರಿಲ್ ಇದ್ದವರಿಗೆ

ಭಾರತದ ಝೀರೋ ಟಿಲ್ ಡ್ರಿಲ್‌ನ ದಾರಿ ಬೇರೆ. ತಲೆಕೆಳಗಾದ 'ಟಿ' ಆಕಾರದ ಓಪನರ್ ನ್ಯೂಜಿಲೆಂಡಿನಿಂದ 1989ರಲ್ಲಿ ಬಂದು, ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ 1991ರ ಹೊತ್ತಿಗೆ ನಮ್ಮ ಟ್ರ್ಯಾಕ್ಟರಿಗೆ ಹೊಂದುವ ಡ್ರಿಲ್ ಆಯಿತು. ಆ ಓಪನರ್ ಸೀಳನ್ನು ಬುಡದಲ್ಲಿ ಅಗಲ, ಮೇಲೆ ಕಿರಿದಾಗಿ ಬಿಡುತ್ತದೆ. ಕಿರಿದಾದ ಬಾಯಿಯೇ ಹಸಿಯನ್ನು ಹಿಡಿದಿಡುವುದರಿಂದ ಗಂಗಾ ಬಯಲಿನ ಭತ್ತದ ಗದ್ದೆಗಳಲ್ಲಿ ಮುಚ್ಚುವ ಗಾಲಿ ಇಲ್ಲದೆಯೇ ಗೋಧಿ ಹುಟ್ಟುತ್ತದೆ. ಇಂಥ ಯಂತ್ರಕ್ಕೆ ಡಿಸ್ಕ್ ಡ್ರಿಲ್‌ನ ಹಲ್ಲಿನ ಗಾಲಿ ಬೆಸುಗೆ ಹಾಕಿ ಕೂರಿಸುವುದು ದುಡ್ಡು ದಂಡ. ಎರೆ ಹೊಲದಲ್ಲಿ ಸಾಲು ತೆರೆದೇ ಉಳಿಯುತ್ತಿದ್ದರೆ ಸಾಲಿಗೊಂದು ಸರಪಳಿ ಎಳೆಸಿ ನೋಡಿ. ಸಾಲದಿದ್ದರೆ ಸ್ಪ್ರಿಂಗ್ ಇರುವ ಅಗಲವಾದ ಪ್ರೆಸ್ ವೀಲ್ ಹಾಕಿಸಿ.

ತರಿಸುವ ಮುಂಚಿನ ಅಳತೆ

ಮಾದರಿ ಸಂಖ್ಯೆ ಹೇಳಿದರೆ ಸಾಕು ಎಂದು ನಂಬಬೇಡಿ. ಹಳೆಯ ಯಂತ್ರಗಳಲ್ಲಿ ಹಿಂದಿನ ಮಾಲೀಕರು ಬೇರೆ ತೋಳು, ಬೇರೆ ಬೋಲ್ಟು ಹಾಕಿರುವುದು ಸಾಮಾನ್ಯ. ಒಂದು ಗಾಲಿ ಬಿಚ್ಚಿ ಮೇಜಿನ ಮೇಲಿಟ್ಟು ಇವನ್ನು ಬರೆದುಕೊಳ್ಳಿ: ಗಾಲಿಯ ವ್ಯಾಸ, ಅಂಚಿನ ಅಗಲ, ಬೋಲ್ಟಿನ ದಪ್ಪ, ಗಾಲಿ ಮತ್ತು ತೋಳಿನ ನಡುವಿನ ವಾಷರುಗಳ ಒಟ್ಟು ದಪ್ಪ, ಬೇರಿಂಗಿನ ಸಂಖ್ಯೆ.

ಬೇರಿಂಗಿನ ಸಂಖ್ಯೆ ಅದರ ಮುಖದ ಮೇಲೆ ಕೊರೆದಿರುತ್ತದೆ, ಗ್ರೀಸ್ ಒರೆಸಿದರೆ ಕಾಣುತ್ತದೆ. 40 ಮಿ.ಮೀ. ಹೊರವ್ಯಾಸದ 203 ಅಳತೆಯದು ಇಂಥ ಗಾಲಿಗಳಲ್ಲಿ ಬಹಳ ಸಿಗುತ್ತದೆ. ಆದರೆ ಒಂದೇ ಸಾಲು ಗುಂಡುಗಳಿರುವ 203 ಬೇರಿಂಗ್ 12 ಮಿ.ಮೀ. ದಪ್ಪ, ಎರಡು ಸಾಲಿನ 5203 ಬೇರಿಂಗ್ 17.5 ಮಿ.ಮೀ. ದಪ್ಪ. ಕೃಷಿ ಯಂತ್ರಕ್ಕೆಂದು ಮಾಡಿದವುಗಳಲ್ಲಿ ಒಳತೂತಿನ ಅಳತೆಯೂ ಬೇರೆ ಬೇರೆ ಇರುತ್ತದೆ. ಆಯ್ಕೆ ಇದ್ದರೆ ಎರಡು ಸಾಲಿನದನ್ನೇ ಕೇಳಿ. ಓರೆಯಾಗಿ ಓಡುವ ಗಾಲಿಯ ಮೇಲೆ ಪಕ್ಕದ ಒತ್ತಡ ಸದಾ ಇರುತ್ತದೆ, ಒಂಟಿ ಸಾಲಿನ ಬೇರಿಂಗ್ ಅದಕ್ಕೆ ಬೇಗ ಸೋಲುತ್ತದೆ. ಬೇರಿಂಗ್ ಕೂಡಿಸಿಯೇ ಬರುವ ಗಾಲಿಯೋ, ಬರಿಯ ಗಾಲಿಯೋ ಎಂದು ಬೆಲೆ ಹೋಲಿಸುವಾಗಲೇ ಕೇಳಿ.

ಎಷ್ಟು ಬೇಕು? 15 ಅಡಿ ಅಗಲದ ಡ್ರಿಲ್‌ನಲ್ಲಿ ಸಾಲಿನ ಅಂತರ 7.5 ಇಂಚು ಇದ್ದರೆ 24 ಸಾಲು. ಒಂಟಿ ಗಾಲಿಯಾದರೆ 24, ಜೋಡಿಯಾದರೆ 48. 20 ಅಡಿಗೆ 32 ಸಾಲು. ಒಂಟಿ ಡಿಸ್ಕ್ ಯಂತ್ರದಲ್ಲಿ ಎಡ ಓಪನರ್, ಬಲ ಓಪನರ್ ಎಂದು ಎರಡು ಬಗೆ ಇರುತ್ತದೆ. ಹಲ್ಲು ಬಾಗಿದ ಗಾಲಿಗೂ ಎಡ, ಬಲ ಇರಬಹುದು. ಅರ್ಧಕ್ಕರ್ಧ ಎಂದು ಊಹಿಸದೆ ಯಂತ್ರದ ಹಿಂದೆ ನಿಂತು ಎಣಿಸಿ. ಜೊತೆಗೆ ಎರಡು ಗಾಲಿ, ನಾಲ್ಕು ಬೇರಿಂಗ್ ಹೆಚ್ಚಿಗೆ ಇರಲಿ. ಬಿತ್ತನೆಯ ವಾರದಲ್ಲಿ ಒಂದು ಬೇರಿಂಗಿಗಾಗಿ ಯಂತ್ರ ನಿಂತರೆ ಹದ ಕಾಯುವುದಿಲ್ಲ.

ಕೂಡಿಸುವುದು, ಹೊಂದಿಸುವುದು

ಡ್ರಿಲ್ ಎತ್ತಿದ ಮೇಲೆ ಸಿಲಿಂಡರಿನ ಸಾಗಣೆ ಬೀಗಗಳನ್ನು ಹಾಕಿ, ಚೌಕಟ್ಟಿನ ಕೆಳಗೆ ಗಟ್ಟಿ ದಿಮ್ಮಿ ಕೊಡಿ, ಟ್ರ್ಯಾಕ್ಟರ್ ಬಂದ್ ಮಾಡಿ ಕೀಲಿ ಜೇಬಿಗೆ ಹಾಕಿಕೊಳ್ಳಿ. ಹೈಡ್ರಾಲಿಕ್ ಒತ್ತಡವೊಂದನ್ನೇ ನಂಬಿ ಅಡಿಗೆ ಹೋಗಬಾರದು. ಡಿಸ್ಕಿನ ಅಂಚು ಕತ್ತಿಯಷ್ಟೇ ಹರಿತ, ದಪ್ಪ ಚರ್ಮದ ಕೈಗವಸು ಬೇಕು. ಸ್ಪ್ರಿಂಗ್ ಬಿಗಿಯಿದ್ದಾಗ ತೋಳಿನ ಪಿನ್ನು ಹೊಡೆಯಬೇಡಿ, ಮೊದಲು ಸ್ಪ್ರಿಂಗನ್ನು ಅತಿ ಸಡಿಲ ಕಚ್ಚಿಗೆ ತನ್ನಿ.

ಬಾಗಿದ ಹಲ್ಲಿನ ಗಾಲಿಯ ದಿಕ್ಕನ್ನು ತಯಾರಕರ ಚಿತ್ರದ ಜೊತೆ ಹೋಲಿಸಿ. ಹಿಂದುಮುಂದಾಗಿ ಹಾಕಿದರೆ ಹುಲ್ಲು ಜಾರಿಸಬೇಕಾದ ಹಲ್ಲೇ ಕೊಕ್ಕೆಯಾಗುತ್ತದೆ. ವಾಷರುಗಳನ್ನು ಬಿಚ್ಚಿದ ಕ್ರಮದಲ್ಲೇ ಹಾಕಿ, ಬೋಲ್ಟನ್ನು ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಗಾಲಿ ಕೈಯಿಂದ ಸರಾಗವಾಗಿ ತಿರುಗಬೇಕು, ಪಕ್ಕಕ್ಕೆ ಅಲ್ಲಾಡಬಾರದು.

ಗಾಲಿ ಎಲ್ಲಿ ಓಡುತ್ತಿದೆ ಎಂದು ತಿಳಿಯಲು 20 ಮೀಟರ್ ಬಿತ್ತಿ, ಡ್ರಿಲ್ ಎತ್ತದೆ ನಿಲ್ಲಿಸಿ ಹಿಂದಿನಿಂದ ನೋಡಿ. ಹಲ್ಲು ಸೀಳಿನ ಬಾಯೊಳಗೇ ಇಳಿದಿದ್ದರೆ ಬೀಜ ಕೆದಕುತ್ತದೆ. ಅಂಚಿನಿಂದ ಒಂದು ಹೆಬ್ಬೆರಳಿನಷ್ಟು ಆಚೆ ಇದ್ದು ಅಲ್ಲಿನ ಮಣ್ಣನ್ನು ಸೀಳಿನತ್ತ ತಳ್ಳುತ್ತಿರಬೇಕು. ತೀರಾ ದೂರವಾದರೆ ಪಕ್ಕದಲ್ಲಿ ಬರಿಯ ಗೀರು ಬೀಳುತ್ತದೆ, ಸೀಳು ಹಾಗೇ ಉಳಿಯುತ್ತದೆ. ವಾಷರನ್ನು ಆ ಕಡೆಯಿಂದ ಈ ಕಡೆಗೆ ಹಾಕಿ ಸರಿಪಡಿಸಿ.

ಸ್ಪ್ರಿಂಗನ್ನು ಅತಿ ಕಡಿಮೆ ಬಿಗಿಯ ಕಚ್ಚಿನಿಂದ ಶುರು ಮಾಡಿ, ಒಂದೊಂದೇ ಏರಿಸುತ್ತ ಅಗೆದು ನೋಡುತ್ತ ಹೋಗಿ. ಸಾಲು ಮುಚ್ಚಿದ ಮೊದಲ ಕಚ್ಚಿನಲ್ಲೇ ನಿಲ್ಲಿಸಿ. ಹೆಚ್ಚು ಬಿಗಿಯಿಂದ ಇನ್ನೊಂದು ಕೇಡೂ ಇದೆ: ಗೇಜ್ ವೀಲ್ ಇರುವ ಓಪನರ್‌ನಲ್ಲಿ ಮುಚ್ಚುವ ಗಾಲಿ ನೆಲವನ್ನು ಒತ್ತಿದಷ್ಟೂ ಓಪನರ್ ಮೇಲಕ್ಕೆ ಎತ್ತಲ್ಪಡುತ್ತದೆ, ಡಿಸ್ಕಿನ ಮೇಲಿನ ಭಾರ ಕಡಿಮೆಯಾಗಿ ಗಟ್ಟಿ ಜಾಗದಲ್ಲಿ ಬೀಜ ಮೇಲೇ ಉಳಿಯುತ್ತದೆ. ಗಾಲಿಯ ಸ್ಪ್ರಿಂಗ್ ಏರಿಸಿದಾಗ ಓಪನರ್‌ನ ಒತ್ತಡವನ್ನೂ ಮತ್ತೆ ನೋಡಲೇಬೇಕು. ವೇಗ ಗಂಟೆಗೆ 8 ಕಿ.ಮೀ. ಇರಲಿ. 10 ದಾಟಿದರೆ ಹಲ್ಲು ಮಣ್ಣನ್ನು ಮುಚ್ಚುವ ಬದಲು ಪಕ್ಕದ ಸಾಲಿಗೆ ಎಸೆಯುತ್ತದೆ.

ಎಲ್ಲ ಸಾಲಿಗೂ ಹಾಕುವ ಮುಂಚೆ

24 ಸಾಲಿನ ಡ್ರಿಲ್‌ಗೆ ಮೊದಲ ವರ್ಷ 6 ಗಾಲಿ ಸಾಕು. ಟ್ರ್ಯಾಕ್ಟರ್ ಗಾಲಿ ತುಳಿಯುವ ಸಾಲುಗಳಲ್ಲಿ 2, ತುಳಿಯದ ಸಾಲುಗಳಲ್ಲಿ 4 ಹಾಕಿ. ತುಳಿದ ನೆಲವೂ ತುಳಿಯದ ನೆಲವೂ ಮುಚ್ಚುವ ರೀತಿ ಬೇರೆ, ಒಂದರಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಯಾವ ಸಾಲಿಗೆ ಯಾವ ಗಾಲಿ ಎಂದು ಬೀಜದ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆಯಿರಿ. ಒಂದು ಹದವಾದ ಹೊಲ, ಒಂದು ತುಸು ಹೆಚ್ಚು ಹಸಿಯಿರುವ ಹೊಲ ಎರಡರಲ್ಲೂ ಬಿತ್ತಿ.

ಹಸಿ ಎಷ್ಟಿತ್ತು ಎನ್ನುವುದನ್ನೂ ಅಂದೇ ಬರೆದಿಡಿ. ಬೀಜದ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ. ಒಡೆದು ಪುಡಿಯಾದರೆ ಹದ. ಒಡೆಯದೆ ಬೆರಳಿನ ಗುರುತು ಹೊಳೆದರೆ ಹಸಿ ಹೆಚ್ಚು. ಉಂಡೆಯೇ ಕಟ್ಟದಿದ್ದರೆ ಒಣ.

ಹುಟ್ಟಿದ ಮೇಲೆ ಪ್ರತಿ ಬಗೆಯ ಗಾಲಿಯ ಸಾಲಿನಲ್ಲಿ 10 ಕಡೆ, ಒಂದೊಂದು ಮೀಟರ್ ಉದ್ದಕ್ಕೆ ಸಸಿ ಎಣಿಸಿ. ಸಾಲಿನ ಅಂತರ 19 ಸೆಂ.ಮೀ. ಇದ್ದಾಗ ಒಂದು ಮೀಟರ್ ಸಾಲು ಎಂದರೆ 0.19 ಚದರ ಮೀಟರ್. ಚದರ ಮೀಟರಿಗೆ 300 ಬೀಜ ಬಿತ್ತಿದ್ದರೆ ಮೀಟರ್ ಸಾಲಿಗೆ 57 ಬೀಜ ಬಿದ್ದಿರುತ್ತದೆ. ಹೊಸ ಗಾಲಿಯ ಸಾಲಿನಲ್ಲಿ 48, ಹಳೆಯದರಲ್ಲಿ 40 ಬಂದರೆ ಶೇ. 84 ಮತ್ತು ಶೇ. 70. ಹತ್ತೂ ಕಡೆಯ ಎಣಿಕೆ ಹೀಗೇ ಒಂದೇ ಕಡೆಗೆ ವಾಲಿದ್ದರೆ ಉಳಿದ 18 ಗಾಲಿ ತರಿಸಲು ಕಾರಣ ಸಿಕ್ಕಿತು. ಸಂಖ್ಯೆ ಹತ್ತಿರ ಹತ್ತಿರ ಇದ್ದು ಸಸಿ ಎದ್ದ ದಿನದಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಅದನ್ನೂ ಗಮನಿಸಿ. ಒಂದೇ ದಿನ ಎದ್ದ ಬೆಳೆ ಒಟ್ಟಿಗೇ ಮಾಗುತ್ತದೆ, ಕೊಯ್ಲಿಗೆ ಅದು ದೊಡ್ಡ ಅನುಕೂಲ.

ಹೊಸ ಗಾಲಿ ಹಾಕಿಯೂ ಮೇಲೆ ಬೀಜ ಕಾಣುತ್ತಿದ್ದರೆ ಹಲ್ಲು ಆಳಕ್ಕೆ ಇಳಿದಿದೆ, ಇಲ್ಲವೇ ವೇಗ ಹೆಚ್ಚಿದೆ. ಸ್ಪ್ರಿಂಗ್ ಇಳಿಸಿ, ವೇಗ ತಗ್ಗಿಸಿ, ಆಮೇಲೂ ಕಂಡರೆ ಬಳೆ ಇರುವ ಗಾಲಿಗೆ ಬದಲಾಗಿ. ಸಾಲಿನ ಮೇಲೆ ಹೆಂಟೆ ಎದ್ದು ಕೆಳಗೆ ಪೊಳ್ಳು ಉಳಿದಿದ್ದರೆ ಮಣ್ಣು ಒಡೆದಿದೆ, ಕೂತಿಲ್ಲ. ಗಾಲಿಯ ಹಿಂದೆ ಎರಡು ಅಡಿ ಸರಪಳಿ ಕಟ್ಟಿದರೆ ಹೆಂಟೆ ಉದುರಿ ಪೊಳ್ಳು ತುಂಬುತ್ತದೆ. ಗಾಲಿ ತಿರುಗದೆ ಎಳೆದುಕೊಂಡು ಹೋಗುತ್ತಿದ್ದರೆ ಒಂದೋ ಬೇರಿಂಗ್ ಹೋಗಿದೆ, ಇಲ್ಲವೇ ತೋಳಿಗೂ ಗಾಲಿಗೂ ನಡುವೆ ಕೆಸರು ಗಟ್ಟಿಯಾಗಿದೆ. ಹೊಲದ ನಾಲ್ಕು ಸುತ್ತಿಗೊಮ್ಮೆ ಇಳಿದು ನೋಡಿ. ಎಲ್ಲ ಗಾಲಿಗೂ ಕೆಸರು ಮೆತ್ತುತ್ತಿದ್ದರೆ ಅಂದು ಬಿತ್ತನೆ ನಿಲ್ಲಿಸಿ. ಅಷ್ಟು ಹಸಿಯಲ್ಲಿ ಗೋಡೆ ಗಾರೆಯಂತೆ ಆಗದಿರಲು ಯಾವ ಗಾಲಿಯಿಂದಲೂ ಸಾಧ್ಯವಿಲ್ಲ.

ಬಿತ್ತನೆ ಮುಗಿದ ದಿನವೇ ಒಂದು ಹೊಸ ಗಾಲಿಯ ಹಲ್ಲಿನ ಉದ್ದವನ್ನು ಅಳೆದು ಬರೆದಿಡಿ, ಮುಂದಿನ ವರ್ಷ ಅದೇ ಗಾಲಿಯನ್ನು ಮತ್ತೆ ಅಳೆಯಿರಿ. ಟ್ರ್ಯಾಕ್ಟರ್ ತುಳಿಯುವ ಸಾಲಿನ ಗಾಲಿಗಳು ಮೊದಲು ಸವೆಯುತ್ತವೆ. ಅವನ್ನು ಮಧ್ಯದ ಸಾಲುಗಳದ್ದರ ಜೊತೆ ಅದಲುಬದಲು ಮಾಡಿದರೆ ಇಡೀ ಜೊತೆ ಒಂದೇ ಸಮಕ್ಕೆ ಸವೆದು ಒಟ್ಟಿಗೇ ಬದಲಿಸಬಹುದು.